ನಾಯಿಗೆ ವಿಮೆ ಮಾಡಿಸಬೇಕೇ?

ದಾವಣಗೆರೆಯಲ್ಲಿ ವಿಮೆಯ ಕೆಲಸ ಮಾಡುವ ನನ್ನನ್ನು ಈಚೆಗೆ ಜನ ಹೆಚ್ಚಾಗಿ ಕೇಳುವುದು ನಾಯಿಯ ವಿಮೆಯ ಬಗ್ಗೆ. ಕೇಳುವವರು ವಿದ್ಯಾನಗರದವರು, ಮನೆಯಲ್ಲಿರುವುದು ಲ್ಯಾಬ್ರಡಾರ್. ಪ್ರಶ್ನೆ ಮಾತ್ರ ಕೊಟ್ಟಿಗೆಯದು: "ಸತ್ತರೆ ಎಷ್ಟು ಬರುತ್ತದೆ?"

ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತಿರುವುದು ರಾಸುಗಳ ವಿಮೆ. ಪಶುವೈದ್ಯರು ಬಂದು ಬೆಲೆ ಕಟ್ಟುತ್ತಾರೆ, ಕಿವಿಗೆ 12 ಅಂಕಿಯ ಹಳದಿ ಓಲೆ ಹಾಕುತ್ತಾರೆ. ಹಸು ಸತ್ತರೆ ಓಲೆ ಕಿವಿಯಲ್ಲೇ ಇರಬೇಕು. ಬೇಲಿಗೆ ಸಿಕ್ಕಿ ಕಿತ್ತುಹೋಗಿದ್ದು, ಹೊಸದನ್ನು ಹಾಕಿಸಿರದಿದ್ದರೆ ಹಣದ ಆಸೆ ಬಿಡಬೇಕಾಗುತ್ತದೆ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 2024ರಿಂದ ರೈತರು ಕಟ್ಟಬೇಕಾದ ಪಾಲು ಕಂತಿನ ಶೇ 15ರಷ್ಟು ಮಾತ್ರ. ಹಸುವನ್ನೂ ನಾಯಿಯನ್ನೂ ಸಾಕಿರುವವರು ಮೊದಲು ಹಸುವಿಗೆ ಮಾಡಿಸಿ.

ನಾಯಿಯ ವಿಷಯ ಬೇರೆ. ಸಾವಿಗೆ ಪರಿಹಾರ ಕೊಡುವ ಪಾಲಿಸಿಗಳಲ್ಲೂ ತಳಿ, ಕೊಂಡ ಬೆಲೆಗಳ ಲೆಕ್ಕವೇ ಮುಖ್ಯ; ಬೀದಿಯಿಂದ ಎತ್ತಿಕೊಂಡು ಬಂದ ಮರಿಗೆ ಆ ಲೆಕ್ಕದಲ್ಲಿ ಸಿಗುವುದು ಅಷ್ಟಕ್ಕಷ್ಟೇ. ವಿಮೆ ನಿಜವಾಗಿ ಕೈ ಹಿಡಿಯುವುದು ಆಸ್ಪತ್ರೆಯ ಬಿಲ್ಲಿಗೆ: ಕಾರಿಗೆ ಸಿಕ್ಕಿ ತೊಡೆಮೂಳೆ ಮುರಿದಾಗ, ಹೆಣ್ಣು ನಾಯಿಯ ಗರ್ಭಕೋಶದಲ್ಲಿ ಕೀವು ತುಂಬಿದಾಗ. ಊರಲ್ಲಿ ಆಗದ ಶಸ್ತ್ರಚಿಕಿತ್ಸೆಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೋ ಬೆಂಗಳೂರಿಗೋ ಓಡಬೇಕು. ಆ ಕಾರಿನ ಬಾಡಿಗೆ ಸಾಮಾನ್ಯವಾಗಿ ನಿಮ್ಮದೇ.

ಪಾಲಿಸಿ ಕೈಗೆ ಬಂದಾಗ 'ಹೊರತುಪಡಿಸಿದವು' ಎಂಬ ಪುಟವನ್ನು ಮೊದಲು ಓದಿ. ಮರಿಗಳನ್ನು ಎರಡೇ ದಿನದಲ್ಲಿ ಹಣ್ಣುಮಾಡುವ ಪಾರ್ವೊ, ಜೊತೆಗೆ ಡಿಸ್ಟೆಂಪರ್, ರೇಬಿಸ್‌ನಂಥ ಸೋಂಕು ರೋಗಗಳು ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಲಸಿಕೆ ಹಾಕಿಸಿದ ದಾಖಲೆ ಇಲ್ಲದಿದ್ದರೆ ವಾದಕ್ಕೂ ಜಾಗವಿಲ್ಲ. ಲಸಿಕೆಯ ಖರ್ಚು, ಜಂತುಹುಳದ ಮಾತ್ರೆ, ಮೊದಲೇ ಇದ್ದ ಕಾಯಿಲೆ ಇವೂ ಹೊರಗೆ. ಪಾಲಿಸಿ ಮಾಡಿಸಿದ ಮೊದಲ ಕೆಲವು ವಾರ ಕಾಯಿಲೆಗೆ ಹಣ ಸಿಗುವುದಿಲ್ಲ. ಹೀಗಾಗಿ ಲಸಿಕೆ ಪುಸ್ತಕ ಖಾಲಿ ಇಟ್ಟುಕೊಂಡು ಬಂದವರನ್ನು ನಾನು ಪಶು ಆಸ್ಪತ್ರೆಗೆ ಕಳುಹಿಸುತ್ತೇನೆ. ನನ್ನ ಕಮಿಷನ್ ಹೋದರೂ ಚಿಂತೆಯಿಲ್ಲ, ಆಮೇಲೆ ಬೈಸಿಕೊಳ್ಳುವುದು ತಪ್ಪುತ್ತದೆ.

ಒಂದೆರಡು ವರ್ಷದ ದೊಡ್ಡ ತಳಿಯ ನಾಯಿಯಾದರೆ ಮಾಡಿಸಿ. ವಯಸ್ಸಾದ ನಾಯಿಯನ್ನು ಹೊಸದಾಗಿ ಸೇರಿಸಿಕೊಳ್ಳುವವರೇ ಕಡಿಮೆ. ಗಟ್ಟಿಮುಟ್ಟಾದ ನಾಡನಾಯಿಗಾದರೆ ಕಂತಿನ ಹಣವನ್ನು ಅಂಚೆ ಕಚೇರಿಯ ಆರ್‌ಡಿಗೆ ಹಾಕಿ.

ಗೇಟು ತೆರೆದರೆ ಸಾಕು ಹಾಲಿನವನ ಮೇಲೆ ಎರಗುವ ನಾಯಿ ನಿಮ್ಮದಾದರೆ, ಬೇರೆಯವರಿಗಾಗುವ ಗಾಯದ ಹೊಣೆಯನ್ನು ಹೊರುವ ಪಾಲಿಸಿಯನ್ನೇ ಕೇಳಿ ಪಡೆಯಿರಿ. ಕಚ್ಚಿಸಿಕೊಂಡವನು ಕೋರ್ಟಿಗೆ ಹೋದರೆ ಆ ಖರ್ಚಿನ ಮುಂದೆ ನಾಯಿಯ ಔಷಧದ ಬಿಲ್ಲು ಏನೂ ಅಲ್ಲ.