ಮಶಿಕೊದಲ್ಲಿ ಕಂಡ ಕಬ್ಬು

ಟೋಕಿಯೊದಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ, ತೊಚಿಗಿ ಪ್ರಾಂತ್ಯದಲ್ಲಿದೆ ಕುಂಬಾರರ ಊರು ಮಶಿಕೊ. ಶಿಮೊದಾತೆಯಲ್ಲಿ ಇಳಿದು ಮೊಓಕಾ ಲೈನಿನ ಪುಟ್ಟ ರೈಲು ಹತ್ತಿದೆ. ಕಿಟಕಿಯಾಚೆ ಬರೀ ಗದ್ದೆ. ಆ ಊರಿನ ಮಡಕೆಗಳಿಗೂ ಭತ್ತಕ್ಕೂ ನಂಟಿದೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ಇಲ್ಲಿ ಆವಿಗೆ ಹೊತ್ತಿದ್ದು 1853ರಲ್ಲಿ. ಆಗ ಮಾಡುತ್ತಿದ್ದದ್ದು ನೀರಿನ ಹಂಡೆ, ಎಳ್ಳು ಅರೆಯುವ ಬಟ್ಟಲು, ಟೀ ಕಾಸುವ ಗಿಂಡಿ, ಹೀಗೆ ಅಡುಗೆಮನೆಯ ಸಾಮಾನು. ಇಲ್ಲಿನ ಮಣ್ಣು ಒರಟು, ಮರಳು ಜಾಸ್ತಿ. ತೆಳುವಾಗಿ ಎಳೆಯಲು ಆಗುವುದಿಲ್ಲ. ಹಾಗಾಗಿ ಪಾತ್ರೆಗಳು ದಪ್ಪ, ಕೈಗೆ ಭಾರ. ನನಗೆ ಇಷ್ಟವಾಗಿದ್ದೇ ಆ ಭಾರ.

ಜಪಾನಿನ ಹೆಸರಾಂತ ಕುಂಬಾರ ಶೋಜಿ ಹಮಾದಾ ಇಂಗ್ಲೆಂಡಿನಿಂದ 1924ರಲ್ಲಿ ವಾಪಸಾಗಿ ಈ ಊರಿನಲ್ಲಿ ನೆಲೆಯಾದರು. ಅವರ ಹುಲ್ಲು ಮಾಡಿನ ಮನೆ, ಕೆಲಸದ ಜಾಗ ಈಗ ಸಾಂಕೋಕಾನ್ ಎಂಬ ಮ್ಯೂಸಿಯಂ. ಅಲ್ಲಿ ಒಂದು ಹೂಜಿಯ ಮುಂದೆ ನಿಂತುಬಿಟ್ಟೆ. ನೆಟ್ಟಗೊಂದು ಕಾಂಡ, ಎರಡೂ ಕಡೆ ಬಾಗಿದ ಎಲೆ. ಕಬ್ಬು! ಮಂಡ್ಯದ ಕಡೆಯವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಹಮಾದಾ ಜಪಾನಿನ ದಕ್ಷಿಣದ ದ್ವೀಪ ಒಕಿನಾವಾದಲ್ಲಿ ಕಂಡ ಕಬ್ಬಿನ ಗದ್ದೆಯದು. ಒಮ್ಮೆ ಬರೆದುಕೊಂಡ ಆ ಚಿತ್ರವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಬರೆದೂ ಬರೆದೂ ಗಿಡದಲ್ಲಿ ಬೇಡದ್ದೆಲ್ಲ ಉದುರಿಹೋಗಿದೆ. ಉಳಿದಿರುವುದು ಕುಂಚದ ನಾಲ್ಕಾರು ಎಳೆ. ಗಾಳಿ ಮಾತ್ರ ಹಾಗೇ ಇದೆ. ಅವರು ಮಡಕೆಗಳ ಮೇಲೆ ಹೆಸರು ಹಾಕುತ್ತಿರಲಿಲ್ಲ. ಆ ಕೈಯನ್ನು ಗುರುತಿಸಲು ಈ ಗೆರೆಗಳೇ ಸಾಕು ಅನ್ನಿಸಿತು.

ಗದ್ದೆಯ ನಂಟು ಗೊತ್ತಾಗಿದ್ದೂ ಇಲ್ಲೇ. ಮಡಕೆಯ ಮೇಲಿನ ನೀಲಿ ಮಿಶ್ರಿತ ಬಿಳಿ ಗ್ಲೇಜ್, ಅಂದರೆ ಗಾಜಿನಂಥ ಹೊಳೆಯುವ ಲೇಪ, ಬರುವುದು ಭತ್ತದ ಹೊಟ್ಟು ಸುಟ್ಟ ಬೂದಿಯಿಂದ. ನಮ್ಮ ಹಳ್ಳಿಗಳಲ್ಲಿ ಪಾತ್ರೆ ತಿಕ್ಕಲು ಬೂದಿ ಇಡುತ್ತಿದ್ದರು ಅಲ್ವಾ, ಇಲ್ಲಿ ಅದು ಪಾತ್ರೆಯ ಮೈಮೇಲೇ ಕರಗಿ ಗಾಜಾಗುತ್ತದೆ. ಕೆಂಪು ಕಂದು ಬಣ್ಣ ಹತ್ತಿರದ ಗುಡ್ಡದ ಕಲ್ಲಿನ ಪುಡಿಯದು, ಅದರಲ್ಲಿ ಕಬ್ಬಿಣದ ಅಂಶ ಇರುತ್ತದೆ. ಗಿಡ, ಹಕ್ಕಿಯ ಚಿತ್ರ ಬರೆದರೆ ಮಾತ್ರ ಮಡಕೆಯಲ್ಲಿ ಪ್ರಕೃತಿ ಬಂತು ಅಂದುಕೊಳ್ಳುತ್ತೇವೆ. ಇಲ್ಲಿ ಗದ್ದೆ, ಗುಡ್ಡ ಎರಡೂ ಮಡಕೆಯ ಒಳಗೇ ಇವೆ.

ಹೊರಗೆ ಇಳಿಜಾರಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ ಏರುವ ದೊಡ್ಡ ಆವಿಗೆ. 2011ರ ಭೂಕಂಪದಲ್ಲಿ ಕುಸಿದಿತ್ತು. ಊರಿನ ಕುಂಬಾರರು ಸೇರಿ ಸರಿಮಾಡಿ, 2015ರಲ್ಲಿ ಅದಕ್ಕೆ ಮತ್ತೆ ಬೆಂಕಿ ಹಾಕಿದರು.

ಸಂಜೆ ಅಂಗಡಿಗಳ ಬೀದಿಯಲ್ಲಿ ಸುತ್ತಿದೆ. ಗೂಬೆ ಇರುವ ಎರಡು ಕಪ್ ಕೈಗೆ ಸಿಕ್ಕವು. ಒಂದರಲ್ಲಿ ಗೂಬೆಯ ಮುಖ ಅಂಚಿನಲ್ಲೇ ಉಬ್ಬಿತ್ತು, ಕುಡಿಯುವಾಗ ತುಟಿಗೆ ತಾಗುತ್ತದೆ. ಇನ್ನೊಂದರಲ್ಲಿ ಕಪ್‌ನ ಹೊಟ್ಟೆಯೇ ಗೂಬೆಯ ಹೊಟ್ಟೆ, ಅಂಗೈ ತುಂಬಾ ಕೂರುತ್ತದೆ. ಎರಡನೆಯದನ್ನು ಮಾಡಿದವರು ಗೂಬೆಯನ್ನೂ ನೋಡಿದ್ದಾರೆ, ಟೀ ಕುಡಿಯುವವರನ್ನೂ ನೋಡಿದ್ದಾರೆ. ಅದನ್ನೇ ಕೊಂಡೆ.

ವಸಂತದಲ್ಲಿ ಒಮ್ಮೆ, ಶರತ್ಕಾಲದಲ್ಲಿ ಒಮ್ಮೆ ಇಲ್ಲಿ ಮಡಕೆ ಸಂತೆ ನಡೆಯುತ್ತದೆ. ಆಗ ಜನವೋ ಜನ. ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡುವ ಆಸೆ ಇದ್ದರೆ ಮಾಮೂಲಿ ದಿನವೇ ಹೋಗಿ. ಸೋಮವಾರ ಮಾತ್ರ ಬೇಡ, ಸಾಂಕೋಕಾನ್‌ಗೆ ರಜೆ.