ಬ್ಲೂಸ್‌ಗಾಗಿ ಹಾರ್ಮೋನಿಕಾದ ಶ್ರುತಿ ಬದಲಿಸುವುದು

ಸಿ ಹಾರ್ಮೋನಿಕಾದಲ್ಲಿ ಬ್ಲೂಸ್ ನುಡಿಸುವವರು ಸಾಮಾನ್ಯವಾಗಿ ಜಿ ಸ್ವರವನ್ನೇ ಷಡ್ಜವಾಗಿ ಹಿಡಿಯುತ್ತಾರೆ. ಆಗ ಬೇಕಾಗುವ ಜಿ, ಬಿ ಫ್ಲ್ಯಾಟ್ (ಬಿಗಿಂತ ಅರ್ಧಸ್ವರ ಕೆಳಗಿನದು), ಸಿ, ಡಿ ಫ್ಲ್ಯಾಟ್, ಡಿ, ಎಫ್ ಸ್ವರಗಳ ಪೈಕಿ ಎರಡು ಫ್ಲ್ಯಾಟ್‌ಗಳು ರೂಢಿಯ ರಿಕ್ಟರ್ ಶ್ರುತಿಯಲ್ಲಿ ನೇರವಾಗಿ ಸಿಗುವುದಿಲ್ಲ. ಕೆಳಗಿನ ರಂಧ್ರಗಳಲ್ಲಿ ಅವನ್ನು ಬೆಂಡ್ ಮಾಡಿ, ಅಂದರೆ ಬಾಯಿಯ ಆಕಾರ ಬದಲಿಸಿ ಸ್ವರವನ್ನು ಇಳಿಸಿ, ಪಡೆಯಬಹುದಾದರೂ, 6ನೆಯ ರಂಧ್ರದಿಂದ ಮೇಲೇರುವಾಗ ಬಿ ಫ್ಲ್ಯಾಟ್‌ಗೆ ಓವರ್‌ಬ್ಲೋ (ವಿಶೇಷ ರೀತಿಯಲ್ಲಿ ಊದಿ ರಂಧ್ರದ ಸಹಜ ಸ್ವರಗಳಿಗಿಂತ ಮೇಲಿನ ಸ್ವರ ಹೊರಡಿಸುವ ತಂತ್ರ) ಬೇಕು.

ಲೀ ಆಸ್ಕರ್ ಕಂಪನಿಯ ನ್ಯಾಚುರಲ್ ಮೈನರ್ ಹಾರ್ಮೋನಿಕಾ ಮಾದರಿಯಲ್ಲಿ 3 ಮತ್ತು 7ನೆಯ ರಂಧ್ರಗಳ ಎಳೆಯುವ (ಉಸಿರು ಒಳಗೆಳೆದಾಗ ಬರುವ) ಸ್ವರ ಬಿ ಫ್ಲ್ಯಾಟ್‌ಗೂ, 2, 5, 8ರ ಊದುವ ಸ್ವರ ಇ ಫ್ಲ್ಯಾಟ್‌ಗೂ ಇಳಿದಿರುವುದರಿಂದ, 2ರಿಂದ 6ರವರೆಗಿನ ಇಡೀ ಬ್ಲೂಸ್ ಶ್ರೇಣಿಗೆ 4ನೆಯ ರಂಧ್ರದ ಒಂದೇ ಬೆಂಡ್ ಸಾಕು. ಆದರೆ ರೂಢಿಯ ಶ್ರುತಿಯ 3ನೆಯ ರಂಧ್ರದಲ್ಲಿ ಬಿಯಿಂದ ಬಿ ಫ್ಲ್ಯಾಟ್‌ಗೆ ಜಾರುವಾಗ ಎರಡು ಗಾಂಧಾರಗಳ ನಡುವೆ ನಿಲ್ಲುವ ಸ್ವರ ಈ ಮಾದರಿಯಲ್ಲಿ ಇರುವುದಿಲ್ಲ, ಮತ್ತು ನನ್ನ ಮಟ್ಟಿಗೆ ಬ್ಲೂಸ್‌ನ ಜೀವ ಇರುವುದೇ ಆ ಸ್ವರದಲ್ಲಿ.

ಆದ್ದರಿಂದ ರೂಢಿಯ ಹಾರ್ಮೋನಿಕಾದಲ್ಲಿ 7ನೆಯ ರಂಧ್ರದ ಎಳೆಯುವ ರೀಡನ್ನು (ಸ್ವರ ಹೊರಡಿಸುವ ಲೋಹದ ನಾಲಿಗೆಯನ್ನು) ಮಾತ್ರ ಬದಲಿಸುವುದು ನನಗೆ ಹೆಚ್ಚು ಹಿಡಿಸುತ್ತದೆ. ರೀಡಿನ ಕೆಳಗೆ ತೆಳುವಾದ ಪಟ್ಟಿಯೊಂದನ್ನು ತೂರಿಸಿ, ರಿವೆಟ್‌ನ ಬಳಿ ಹಿತ್ತಾಳೆಯನ್ನು ಸ್ವಲ್ಪಸ್ವಲ್ಪವೇ ಕೆರೆಯುತ್ತ, ಪ್ರತಿ ಸಲವೂ ಟ್ಯೂನರ್‌ನಲ್ಲಿ ನೋಡುತ್ತ ಅರ್ಧಸ್ವರ ಇಳಿಸಬೇಕು. ಕಳೆದುಕೊಂಡ ಬಿ ಸ್ವರವು ಅದೇ ರಂಧ್ರವನ್ನು ಊದಿ ಬೆಂಡ್ ಮಾಡಿದರೆ ಮರಳಿ ಸಿಗುತ್ತದೆ. 3 ಮತ್ತು 7 ಈಗ ಒಂದೇ ಸ್ವರವಲ್ಲದ್ದರಿಂದ ಅವೆರಡನ್ನೂ ಒಟ್ಟಿಗೆ ಎಳೆಯುವುದನ್ನು ಮಾತ್ರ ಬಿಡಬೇಕಾಗುತ್ತದೆ.