ಟ್ರೈಲರಿಗೆ ಡಿಸ್ಕ್ ಬ್ರೇಕ್, ಹಿತ್ತಲಿನಲ್ಲಿ ಪೀಚ್: ಫೆಬ್ರುವರಿವರೆಗೆ ಆದ ಕೆಲಸ

ಪಾಂಡವಪುರದ ಕಡೆ ನಮ್ಮ ಗದ್ದೆಗೆ ಹೋಗಬೇಕೆಂದರೆ ವಿಶ್ವೇಶ್ವರಯ್ಯ ನಾಲೆಯ ಏರಿಯಿಂದ ಕಡಿದಾದ ಇಳಿಜಾರಿನಲ್ಲಿ ಇಳಿಯಬೇಕು. ಕಳೆದ ಮಳೆಗಾಲದಲ್ಲಿ ಗೊಬ್ಬರ ತುಂಬಿದ ಟ್ರೈಲರ್ ಅಲ್ಲಿ ಟ್ರ್ಯಾಕ್ಟರನ್ನೇ ಮುಂದಕ್ಕೆ ದಬ್ಬಿತು. ಬ್ರೇಕ್ ತುಳಿದೊಡನೆ ಟ್ರೈಲರ್ ಪಕ್ಕಕ್ಕೆ ಹೊರಳಿ, ಟ್ರ್ಯಾಕ್ಟರಿನ ಹಿಂಭಾಗವನ್ನೂ ಎಳೆದುಕೊಂಡು ಹೋಯಿತು. ಮಡ್‌ಗಾರ್ಡ್ ಮೇಲೆ ಅಪ್ಪ ಕುಳಿತಿದ್ದರು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಭಾಗದಲ್ಲಿ ಕಬ್ಬು ಹೊರುವ ಎಷ್ಟೋ ಟ್ರೈಲರುಗಳಿಗೆ ಬ್ರೇಕೇ ಇಲ್ಲ. ಅಷ್ಟೂ ಭಾರವನ್ನು ಟ್ರ್ಯಾಕ್ಟರೊಂದೇ ತಡೆಯಬೇಕು.

ನಮ್ಮದು ಮಿನಿ ಟ್ರ್ಯಾಕ್ಟರಿನ ಎರಡು ಚಕ್ರದ ಟ್ರೈಲರ್, ಒಂದು ಟನ್ನಿಗಿಂತ ಹೆಚ್ಚು ತುಂಬುವುದಿಲ್ಲ. ಮಂಡ್ಯದ ಗುಜರಿಯಲ್ಲಿ ಹಳೆಯ ಕಾರೊಂದರ ಮುಂದಿನ ಚಕ್ರಗಳ ಡಿಸ್ಕ್ ಮತ್ತು ಅದನ್ನು ಪ್ಯಾಡುಗಳಿಂದ ಅದುಮಿ ಹಿಡಿಯುವ ಕ್ಯಾಲಿಪರ್ ಸಿಕ್ಕವು. ಹಬ್ಬನ್ನು ಲೇತಿಗೆ ಕೊಟ್ಟು ಡಿಸ್ಕ್ ಕೂರುವ ಮುಖವನ್ನು ಸಮ ಮಾಡಿಸಿದೆ. ಆ ಮುಖ ಸ್ವಲ್ಪ ಓರೆಯಾದರೂ ಡಿಸ್ಕ್ ಅಲ್ಲಾಡಿ ಪ್ಯಾಡನ್ನು ತಿನ್ನುತ್ತದೆ. ಬೇರಿಂಗುಗಳಿಗೆ ಹೊಸ ಗ್ರೀಸ್ ತುಂಬಿ, ಕ್ಯಾಲಿಪರ್ ಹಿಡಿಯಲು ದಪ್ಪ ಪ್ಲೇಟ್ ಕತ್ತರಿಸಿ ಆಕ್ಸಲಿಗೆ ವೆಲ್ಡ್ ಮಾಡಿಸಿದ್ದಾಯಿತು. ಟ್ರ್ಯಾಕ್ಟರಿಗೆ ಜೋಡಿಸುವ ಮೂಕಿಯನ್ನು ಒಂದು ಚೌಕ ಪೈಪಿನೊಳಗೆ ಇನ್ನೊಂದು ಜಾರುವಂತೆ ಮಾಡಿಸಿದ್ದೇನೆ. ಟ್ರ್ಯಾಕ್ಟರ್ ನಿಧಾನವಾದಾಗ ಟ್ರೈಲರ್ ಮುಂದಕ್ಕೆ ಒತ್ತುತ್ತದೆ, ಆ ಒತ್ತಡವೇ ಬ್ರೇಕ್ ಆಯಿಲನ್ನು ಚಕ್ರಗಳಿಗೆ ನೂಕುವ ಮಾಸ್ಟರ್ ಸಿಲಿಂಡರಿನ ಕಡ್ಡಿಯನ್ನು ತಳ್ಳುತ್ತದೆ.

ಬ್ರೇಕ್ ಆಯಿಲ್ ತುಂಬಿ ಗಾಳಿ ತೆಗೆಯಲು ಕುಳಿತಾಗ ಕಷ್ಟ ಶುರುವಾಯಿತು. ಬಾಟಲಿಗಟ್ಟಲೆ ಆಯಿಲ್ ಖರ್ಚಾದರೂ ಒತ್ತಡ ಕಟ್ಟಲಿಲ್ಲ, ಸಿಲಿಂಡರಿನ ಕಡ್ಡಿ ಸ್ಪಂಜಿನಂತೆ ಒಳಗೆ ಹೋಗುತ್ತಿತ್ತು. ಎರಡು ದಿನ ಕೀಲುಗಳನ್ನೆಲ್ಲ ಬಿಗಿದು ನೋಡಿದೆ. ಮೂರನೆಯ ದಿನ ಊರಿನ ಮೆಕ್ಯಾನಿಕ್ ಬಂದು, ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಕ್ಯಾಲಿಪರಿನ ಗಾಳಿ ಬಿಡುವ ನಿಪ್ಪಲನ್ನು ಬೆರಳಿಂದ ಮುಟ್ಟಿ ತೋರಿಸಿದರು: "ನಿಪ್ಪಲ್ ಕೆಳಗಿದೆಯಲ್ಲಪ್ಪ. ಗಾಳಿ ಮೇಲಕ್ಕೆ ಹೋಗುತ್ತದೆ, ನೀನು ಕೆಳಗೆ ಬಾಗಿಲು ತೆರೆದಿದ್ದೀಯ." ಎಡದ ಕ್ಯಾಲಿಪರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೂರಿಸಿದ್ದರಿಂದ ನಿಪ್ಪಲ್ ಕೆಳಗೆ ಬಂದಿತ್ತು. ಅದಲುಬದಲು ಮಾಡಿದ ಮೇಲೆ ದೂರದ ಚಕ್ರದಿಂದ ಶುರು ಮಾಡಿದೆವು. ಪಾರದರ್ಶಕ ಪೈಪಿನಲ್ಲಿ ಮೊದಲು ನೊರೆ ಬಂತು, ಆಮೇಲೆ ಬಿಡಿ ಗುಳ್ಳೆಗಳು, ಕೊನೆಗೆ ಜೇನಿನ ಬಣ್ಣದ ಆಯಿಲಿನ ಅಖಂಡ ಎಳೆ. ಕಡ್ಡಿ ಗಟ್ಟಿಯಾಯಿತು.

ಇನ್ನೊಂದು ತೊಡಕು ಓಡಿಸಿದಾಗ ಗೊತ್ತಾಯಿತು. ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಹಬ್ ಮುಟ್ಟಲಾಗದಷ್ಟು ಬಿಸಿ. ನಾನು ತಂದಿದ್ದು ಡ್ರಮ್ ಬ್ರೇಕಿನ ವಾಹನದ ಮಾಸ್ಟರ್ ಸಿಲಿಂಡರ್. ಡ್ರಮ್ಮಿನ ಪೈಪಿನಲ್ಲಿ ಸ್ವಲ್ಪ ಒತ್ತಡ ಸದಾ ಉಳಿಯಲೆಂದು ಅದರೊಳಗೆ ಒಂದು ವಾಲ್ವ್ ಇರುತ್ತದೆ. ಡಿಸ್ಕಿನಲ್ಲಿ ಪ್ಯಾಡನ್ನು ಹಿಂದಕ್ಕೆ ಎಳೆಯುವ ಬಲವಾದ ಸ್ಪ್ರಿಂಗ್ ಇಲ್ಲ, ಹಾಗಾಗಿ ಆ ಒತ್ತಡಕ್ಕೆ ಪ್ಯಾಡ್ ಉಜ್ಜುತ್ತಲೇ ಇರುತ್ತದೆ. ವಾಲ್ವ್ ತೆಗೆಸಿದ ಮೇಲೆ ಜಾಕ್ ಕೊಟ್ಟು ಎತ್ತಿದ ಚಕ್ರ ಒಂದೇ ಬೆರಳಿಗೆ ತಿರುಗಿತು.

ರಿವರ್ಸ್ ಹೋಗುವಾಗ ಮೂಕಿ ಜಾರಿ ತಾನೇ ಬ್ರೇಕ್ ಹಿಡಿಯದಂತೆ ತಡೆಯಲು ಕಬ್ಬಿಣದ ಬಿಲ್ಲೆಯೊಂದನ್ನು ಮಾಡಿಸಿದ್ದೇನೆ. ಅದನ್ನು ತೆಗೆಯುವುದು ಮರೆತರೆ ಬ್ರೇಕೇ ಇಲ್ಲದಂತಾಗುತ್ತದೆ. ಕೆಂಪು ಬಣ್ಣ ಬಳಿದು, ಸೀಟಿನಿಂದ ಕಾಣುವ ಹಾಗೆ ಸರಪಳಿಯಲ್ಲಿ ತೂಗುಹಾಕಿದ್ದೇನೆ.

ಇನ್ನು ಪೀಚ್. ಮೂರು ವರ್ಷದ ಹಿಂದೆ ತಂದಿದ್ದು ಮೂರು ಗಿಡ, ಕಡಿಮೆ ಚಳಿ ಸಾಕಾಗುವ ಫ್ಲೋರ್ಡಾ ಪ್ರಿನ್ಸ್ ತಳಿ. ಒಂದು ಬೇರಿನಲ್ಲಿ ನೀರು ನಿಂತು ಸತ್ತಿತು. ನಾಲೆ ಬಯಲಿನ ಮಣ್ಣಿನಲ್ಲಿ ಪೀಚನ್ನು ದಿಬ್ಬದ ಮೇಲೆಯೇ ನೆಡಬೇಕಿತ್ತು. ಉಳಿದೆರಡಕ್ಕೆ ಮಣ್ಣು ಏರಿಸಿದ್ದೇನೆ. ಚೆನ್ನಾಗಿ ಹೂ ಬಿಡಲು ಈ ತಳಿಗೂ 7 ಡಿಗ್ರಿಗಿಂತ ಕಡಿಮೆ ಚಳಿ ಸುಮಾರು 150 ಗಂಟೆ ಬೇಕು. ನಮ್ಮ ಧನುರ್ಮಾಸದ ಚಳಿ ಅಷ್ಟು ಕೆಳಗೆ ಇಳಿಯುವುದಿಲ್ಲ. ಚಳಿಯೇ ಇಲ್ಲದ ಇಂಡೋನೇಷ್ಯಾದ ಬಾತು ಎಂಬಲ್ಲಿ ಚಳಿಯ ಬದಲು ಸೇಬಿನ ಎಲೆಗಳನ್ನು ಕೈಯಿಂದ ಕಿತ್ತು ಮರವನ್ನು ಹೂವಿಗೆ ತರುತ್ತಾರೆ. ನಾನೂ ನವೆಂಬರ್ ಕೊನೆಗೆ ನೀರು ನಿಲ್ಲಿಸಿ, ಜನವರಿ ಮೊದಲ ವಾರ ಎಲೆಗಳನ್ನೆಲ್ಲ ಕತ್ತರಿಯಿಂದ ತೆಗೆದೆ. ಕಿತ್ತರೆ ಕಂಕುಳಿನ ಮೊಗ್ಗಿಗೆ ಪೆಟ್ಟಾಗಬಹುದೆಂದು ತೊಟ್ಟನ್ನು ಉಳಿಸಿದೆ, ಕೆಲವು ದಿನಕ್ಕೆ ಅದೇ ಉದುರಿತು. ಆಮೇಲೆ ಬುಡಕ್ಕೆ ಗೊಬ್ಬರ, ನೀರು.

ಹೋದ ವರ್ಷ ಏನೂ ಮಾಡದಿದ್ದಾಗ ಅಲ್ಲೊಂದು ಇಲ್ಲೊಂದು ಹೂ ಬಿಟ್ಟಿತ್ತು. ಈ ಸಲ ಕಳೆದ ವರ್ಷದ ಕೆಂಪು ಚಿಗುರುಕೊಂಬೆಗಳ ಗಿಣ್ಣುಗಳಲ್ಲಿ ಮೂರು ಮೂರು ಮೊಗ್ಗು: ನಡುವೆ ಎಲೆಯ ಚೂಪು ಮೊಗ್ಗು, ಎರಡು ಪಕ್ಕದಲ್ಲಿ ರೋಮ ಮುಚ್ಚಿದ ಗುಂಡು ಹೂಮೊಗ್ಗು. ಅಮ್ಮ ಬೆಳಿಗ್ಗೆ ಎದ್ದು ಮೊದಲು ಅಲ್ಲಿಗೇ ಹೋಗುತ್ತಾರೆ. ನಿನ್ನೆಗೆ ದೊಡ್ಡ ಗಿಡದಲ್ಲಿ 40ಕ್ಕೂ ಹೆಚ್ಚು ಹೂ ಅರಳಿದ್ದವು, 11 ಹೀಚು ನಿಂತಿವೆ. ಒತ್ತಾಗಿರುವ ಕಡೆ ಗೇಣಿಗೊಂದರಂತೆ ಉಳಿಸಿ ಮಿಕ್ಕಿದ್ದನ್ನು ಕೀಳಬೇಕು, ಹಣ್ಣು ನೊಣಕ್ಕೆ, ಗಂಡು ನೊಣಗಳನ್ನು ವಾಸನೆಯಿಂದ ಸೆಳೆಯುವ ಮೀಥೈಲ್ ಯೂಜಿನಾಲ್ ಬಲೆ ಕಟ್ಟಬೇಕು.

ಆ ಗೊಬ್ಬರ ಬಂದಿದ್ದು ಹೊಸ ಬ್ರೇಕಿನ ಮೊದಲ ಲೋಡಿನಲ್ಲಿ. ಏರಿಯ ಇಳಿಜಾರಿನಲ್ಲಿ ಟ್ರೈಲರ್ ನೇರವಾಗಿಯೇ ಹಿಂದೆ ಬಂತು. ಕೆಳಗೆ ನಿಲ್ಲಿಸಿ ಎರಡೂ ಹಬ್ ಮುಟ್ಟಿದೆ, ಒಂದೇ ಸಮ ಬೆಚ್ಚಗಿದ್ದವು. ಅಪ್ಪ ಈ ಸಲವೂ ಮಡ್‌ಗಾರ್ಡ್ ಮೇಲೆಯೇ ಕೂರುತ್ತೇನೆಂದರು, ನಾನು ಬಿಡಲಿಲ್ಲ.